ಲೇಕಾಕ್ ಅಬ್ಬಿ: ಮಠ ಮನೆ ಆಗಿ, ಮನೆ ಮ್ಯೂಸಿಯಂ ಆದ ಕತೆ (ಹೋಗಿ ಬಂದೋರು ಯಾರಾದ್ರೂ ಇದೀರಾ?)

ಸ್ವಿಂಡನ್_ಸುಬ್ಬಿ:
ಎಲ್ರಿಗೂ ನಮಸ್ಕಾರ, ಉದ್ದ ಪೋಸ್ಟು, ಮೊದಲೇ ಹೇಳ್ಬಿಡ್ತೀನಿ. ಅಪ್ಪ ಅಮ್ಮ ಊರಿಂದ ಬಂದು ಮೂರು ವಾರ ಆಯ್ತು, ಲಂಡನ್ನು, ಬಾತ್ ಊರು ಎಲ್ಲ ಮುಗೀತು, ಇನ್ನೆಲ್ಲಿಗೆ ಕರ್ಕೊಂಡು ಹೋಗೋದಪ್ಪ ಅಂತ ಯೋಚ್ನೆ ಮಾಡ್ತಿದ್ದಾಗ ಮಗಳು ಹ್ಯಾರಿ ಪಾಟರ್ ಶೂಟಿಂಗ್ ಆದ ಜಾಗಕ್ಕೇ ಹೋಗ್ಬೇಕು ಅಂತ ಹಟ ಹಿಡಿದ್ಲು, ಸರಿ ಅಂತ ಶನಿವಾರ ವಿಲ್ಟ್‌ಶೈರ್‌ನ ಲೇಕಾಕ್ ಅಬ್ಬಿಗೆ ಹೋದ್ವಿ (ಅಬ್ಬಿ ಅಂದ್ರೆ ಕ್ರಿಶ್ಚಿಯನ್ ಮಠ). ಚಿಪ್ಪೆನಮ್ ಹತ್ರ, ಏವನ್ ನದಿ ದಂಡೆ ಮೇಲೆ.

ಮನೆಯ ದಕ್ಷಿಣದ ಕಡೆ ದೊಡ್ಡ ಹುಲ್ಲುಹಾಸು ಇದೆ. ಅಲ್ಲೇ ಚಾಪೆ ಹಾಸಿ ಪುಳಿಯೋಗರೆ ಡಬ್ಬಿ ಬಿಚ್ಚಿದ್ವಿ. ಅಪ್ಪ ಪಿಡಬ್ಲ್ಯೂಡಿಯಲ್ಲಿ ಮೂವತ್ತು ವರ್ಷ ಇದ್ದು ರಿಟೈರ್ ಆದೋರು, ಎಲ್ಲಿ ಹೋದ್ರೂ ಮೊದ್ಲು ಗೋಡೆ ನೋಡ್ತಾರೆ ಆಮೇಲೆ ಊಟ. ಕೈಯಲ್ಲಿ ಸ್ಪೂನ್ ಹಿಡ್ಕೊಂಡೇ ಎದ್ದು ಹೋಗಿ ಕೊಡೆ ತುದಿಯಿಂದ ಗೋಡೆ ತಟ್ಟಿ ನೋಡಿ ಬಂದು, "ಇದು ಮನೆ ಅಂತ ಕಟ್ಟಿರೋ ಗೋಡೆ ಅಲ್ಲ ಕಣೆ, ಕಿಟಕಿಗಳು ನೋಡು, ಒಂದು ದೊಡ್ಡದು ಒಂದು ಚಿಕ್ಕದು, ಯಾವ್ದೂ ಗೋಡೆ ಜೊತೆ ಹುಟ್ಟಿಲ್ಲ, ಎಲ್ಲ ಆಮೇಲೆ ಕೊರೆದು ಕೂರ್ಸಿರೋದು" ಅಂದ್ರು. ನಾನು ಸುಮ್ನೆ ಹ್ಞೂಂ ಅಂದೆ. ಒಳಗೆ ಹೋದ್ಮೇಲೆ ಅಲ್ಲಿನ ವಾಲಂಟಿಯರ್ ಅಜ್ಜಿ ಒಬ್ರು ಹೇಳಿದ್ದು ಕೇಳಿ ತಲೆ ತಿರುಗ್ತು. ಆ ಗೋಡೆ ಹಳೇ ಚರ್ಚಿನ ಉತ್ತರದ ಗೋಡೆ ಅಂತೆ! ಚರ್ಚ್ ಪೂರ್ತಿ ಕೆಡವಿ ಆ ಒಂದು ಗೋಡೆ ಮಾತ್ರ ಉಳಿಸ್ಕೊಂಡು ಅದನ್ನೇ ಮನೆಯ ಹೊರಗೋಡೆ ಮಾಡ್ಕೊಂಡಿದಾರೆ. ಅಂದ್ರೆ ನಾವು ಪುಳಿಯೋಗರೆ ತಿಂದಿದ್ದು ಚರ್ಚಿನ ಒಳಗೆ. ಅಮ್ಮ "ಅಯ್ಯೋ ಚಪ್ಪಲಿ ಹಾಕ್ಕೊಂಡೇ ಕೂತಿದ್ವಲ್ಲೇ" ಅಂತ ಸಂಜೆವರೆಗೂ ಪೇಚಾಡ್ಕೊಂಡ್ರು.

ಕತೆ ಚಿಕ್ಕದಾಗಿ ಹೇಳ್ತೀನಿ. ಸಾಲ್ಸ್‌ಬರಿಯ ಕೌಂಟೆಸ್ ಏಲಾ ಅಂತ, ಗಂಡ ವಿಲಿಯಂ ಲಾಂಗೆಸ್ಪೆ (ಎರಡನೇ ಹೆನ್ರಿ ರಾಜನ ಮಗ, ಮದುವೆ ಆಚೆ ಹುಟ್ಟಿದವನು) 1226ರಲ್ಲಿ ತೀರ್ಕೊಂಡ ಮೇಲೆ ಇಲ್ಲಿ ನನ್‌ಗಳ ಮಠ ಕಟ್ಟಿಸ್ತಾಳೆ, 1232ರಲ್ಲಿ ಅಡಿಗಲ್ಲು. ಆಮೇಲೆ ತಾನೇ ಅಲ್ಲಿ ಸೇರ್ಕೊಂಡು ಅಬ್ಬೆಸ್, ಅಂದ್ರೆ ಮಠದ ಮುಖ್ಯಸ್ಥೆ ಆಗ್ತಾಳೆ. ಮುನ್ನೂರು ವರ್ಷ ಹಂಗೇ ನಡೀತು. ಎಂಟನೇ ಹೆನ್ರಿ ದೇಶದ ಮಠಗಳನ್ನೆಲ್ಲ ಮುಚ್ಚಿಸಿದಾಗ 1539ರಲ್ಲಿ ಇದೂ ಮುಚ್ಚಿತು, ಮರುವರ್ಷ ವಿಲಿಯಂ ಶಾರಿಂಗ್‌ಟನ್ ಅನ್ನೋನು 783 ಪೌಂಡಿಗೆ ಕೊಂಡ್ಕೊಂಡ. ಅವನೇ ಚರ್ಚ್ ಕೆಡವಿದ್ದು. ಆದ್ರೆ ಕ್ಲಾಯ್ಸ್ಟರ್ (ಅಂಗಳದ ಸುತ್ತ ಇರೋ ಪಡಸಾಲೆ), ನನ್‌ಗಳು ಕೂತು ಚಳಿ ಕಾಯಿಸ್ಕೊಳ್ತಿದ್ದ ಕೋಣೆ, ಸಭೆ ಸೇರ್ತಿದ್ದ ಕೋಣೆ, ಇವೆಲ್ಲ ಹಂಗೇ ಬಿಟ್ಟು ಮೇಲ್ಗಡೆ ತನ್ನ ಸಂಸಾರ ಹೂಡಿದ. ಆಮೇಲೆ ಟ್ಯಾಲ್ಬಟ್ ಮನೆತನ, ಅದ್ರಲ್ಲೇ ಫೋಟೋಗ್ರಫಿ ಕಂಡುಹಿಡಿದವರಲ್ಲಿ ಒಬ್ಬನಾದ ಹೆನ್ರಿ ಫಾಕ್ಸ್ ಟ್ಯಾಲ್ಬಟ್, ಕಡೆಗೆ 1944ರಲ್ಲಿ ಹಳೇ ಕಟ್ಟಡಗಳನ್ನ ಕಾಪಾಡೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆಗೆ ದಾನ.

ವಾಪಸ್ ಬರುವಾಗ ಕಾರಲ್ಲಿ ಅಪ್ಪ ಒಂದು ಮಾತು ಅಂದ್ರು, ಅದಕ್ಕೇ ಈ ಪೋಸ್ಟು: "ಅವನು ಅರ್ಧ ಕೆಡವಿದ್ದಕ್ಕೇ ಇನ್ನರ್ಧ ಉಳೀತು." ನಂಗೆ ಒಪ್ಪಿಗೆ ಆಗ್ಲಿಲ್ಲ, ಅಪ್ಪನ ಜೊತೆ ಚಿಪ್ಪೆನಮ್‌ನಿಂದ ಸ್ವಿಂಡನ್‌ವರೆಗೂ ವಾದ ಮಾಡ್ದೆ. ನೀವೇನಂತೀರಾ?

ಕುಡ್ಲ_ಬಾಲೆ:
ಟೈಟಲ್ ನೋಡಿ ಇಂಗ್ಲೆಂಡಲ್ಲೂ ಅಬ್ಬಿ ಜಲಪಾತ ಉಂಟಾ ಅಂತ ಓಡಿ ಬಂದೆ ಮಾರಾಯ್ರೆ, ಮಡಿಕೇರಿದ್ದು ಮಾತ್ರ ಗೊತ್ತಿದ್ದದ್ದು 😄

ಸ್ವಿಂಡನ್_ಸುಬ್ಬಿ:
@ಕುಡ್ಲ_ಬಾಲೆ ನಮ್ಮಮ್ಮನೂ ನೀರು ಎಲ್ಲಿ ಬೀಳತ್ತೆ ಅಂತ ಕೇಳಿದ್ರು, ಪ್ರಮಾಣ.

ಗಾರೆಕೆಲಸ:
ನಾನು ಮೈಸೂರಲ್ಲಿ ಹಳೇ ಕಟ್ಟಡ ರಿಪೇರಿ ಕೆಲಸ ಮಾಡೋನು, ಓದೋಕೆ ಅಂತ ಎರಡು ವರ್ಷ ಬ್ರಿಸ್ಟಲ್ ಕಡೆ ಇದ್ದೆ, ಲೇಕಾಕ್‌ಗೆ ನಾಲ್ಕೈದು ಸಲ ಹೋಗಿದೀನಿ. ನಿಮ್ಮ ತಂದೆಯವರು ಹೇಳಿದ್ದು ನೂರಕ್ಕೆ ನೂರು ಸರಿ ಮೇಡಂ, ಕಾರಣ ಹೇಳ್ತೀನಿ.

ಈ ಮಠದಲ್ಲಿ ಊಟದ ಹಾಲು, ಮಲಗೋ ಹಾಲು ಎರಡೂ ಮೇಲಿನ ಅಂತಸ್ತಲ್ಲಿತ್ತು. ಕೆಳಗಡೆ ಕ್ಲಾಯ್ಸ್ಟರ್, ಅಂದ್ರೆ ನಮ್ಮ ತೊಟ್ಟಿಮನೆ ನೆನೆಸ್ಕೊಳಿ, ಮಧ್ಯೆ ಆಕಾಶ ಕಾಣೋ ಅಂಗಳ, ಸುತ್ತ ಪಡಸಾಲೆ, ಆದ್ರೆ ಮರದ ಕಂಬದ ಬದ್ಲು ಕಲ್ಲಿನ ಕಮಾನು, ಮೇಲ್ಗಡೆ ಛತ್ರಿ ಕಡ್ಡಿ ಥರ ಹರಡ್ಕೊಂಡಿರೋ ಕಲ್ಲಿನ ಪಕ್ಕೆಗಳು. ಈಗ ಕಾಣೋ ಕಮಾನು ಬಹುಪಾಲು 15ನೇ ಶತಮಾನದ್ದು, ಪಕ್ಕದ ಕೋಣೆಗಳು ಅದಕ್ಕಿಂತ ಹಳೇವು, 13ನೇ ಶತಮಾನದ್ದು. ಶಾರಿಂಗ್‌ಟನ್‌ಗೆ ವಾಸಕ್ಕೆ ಬೇಕಾದ ದೊಡ್ಡ ಹಾಲುಗಳು ಮೇಲೇ ರೆಡಿ ಇದ್ವು. ಕೆಳಗಿನ ಕತ್ತಲೆ ಕಲ್ಲು ಕೋಣೆಗಳು ಅವನ ಪಾಲಿಗೆ ಒಂದು ಅಡಿಪಾಯ ಅಷ್ಟೇ, ಸಾಮಾನು ಇಡೋಕೆ ಉಗ್ರಾಣ. ಕೆಡವೋಕೆ ಕಾರಣ ಇರ್ಲಿಲ್ಲ, ಕೆಡವಿದ್ರೆ ಮೇಲಿನ ಮನೆನೇ ಬೀಳತ್ತೆ. ಅದಕ್ಕೇ ಉಳೀತು. ಭಕ್ತಿಯಿಂದ ಉಳಿಸಿದ್ದಲ್ಲ, ಲೋಡ್ ಬೇರಿಂಗ್ ಅಂತ ಉಳಿದಿದ್ದು.

ಚರ್ಚಿನ ಕತೆ ಬೇರೆ. ಅಷ್ಟೆತ್ತರದ ಒಂದೇ ಹಾಲು ತಗೊಂಡು ಸಂಸಾರಸ್ಥ ಏನ್ಮಾಡ್ತಾನೆ? ಕೊಂಡ್ಕೊಂಡೋರು ತುಂಬ ಕಡೆ ಪೂರ್ತಿ ಮಠಾನೇ ಛಾವಣಿ ಸೀಸ ಕಿತ್ತು ಮಾರಿ, ಕಲ್ಲು ಮಾರಿ, ಬಿಟ್ಟು ಹೋದ್ರು. ಯಾರ್ಕ್‌ಶೈರ್ ಕಡೆ ಫೌಂಟನ್ಸ್, ರೀವೋ ಎಲ್ಲ ಹೋಗಿ ನೋಡಿ, ಛಾವಣಿ ಇಲ್ದೆ ಬರೀ ಗೋಡೆ ನಿಂತಿದೆ. ಸೂರು ಹೋದ ಕಟ್ಟಡಕ್ಕೆ ಆಯಸ್ಸು ಎಷ್ಟು ಅಂತ ನಿಮ್ಮ ತಂದೆಯವರನ್ನೇ ಕೇಳಿ. ಇಲ್ಲಿ ಒಬ್ಬ ಸಂಸಾರಿ ಬಂದು ಕೂತ, ಸೋರಿದ್ರೆ ಅವನ ತಲೆ ಮೇಲೇ ಸೋರತ್ತೆ, ರಿಪೇರಿ ಮಾಡ್ಲೇಬೇಕು.

ಧಾರವಾಡ_ಫೇಡೆ:
ಅಲ್ರೀ, ಆ ಶಾರಿಂಗ್‌ಟನ್ನನ ಹಿಂಗ್ ಹೊಗಳಾಕತ್ತೀರಲ್ಲ, ಅಂವಾ ಎಂಥಾ ಕಳ್ಳ ಅಂತ ಯಾರೂ ಹೇಳವಲ್ರಿ. ಬ್ರಿಸ್ಟಲ್ ಟಂಕಸಾಲಿ ಇವನ ಕೈಯಾಗ ಇತ್ತು, ರೊಕ್ಕ ಟಂಕಿಸೋ ಕೆಲಸದಾಗ ಬೆಳ್ಳಿ ಹೊಡದ, ಲೆಕ್ಕದ ಪುಸ್ತಕ ತಿದ್ದಿದ. 1549ರಾಗ ಥಾಮಸ್ ಸೀಮೋರ್ ಅನ್ನಾಂವ ರಾಜದ್ರೋಹದಾಗ ಸಿಕ್ಕ, ಅವನ ಸಂಚಿಗೆ ಇವನ ರೊಕ್ಕ ಹೋಗಿತ್ತು, ಹಂಗಾಗಿ ಇವನೂ ಒಳಗ ಹೋದ. ಸೀಮೋರನ ತಲಿ ಹೋತು, ಇಂವಾ ತಪ್ಪು ಒಪ್ಕೊಂಡು ಸೀಮೋರನ ವಿರುದ್ಧ ಎಲ್ಲಾ ಬಾಯಿ ಬಿಟ್ಟು ಕ್ಷಮಾ ಪಡ್ಕೊಂಡು, ದೊಡ್ಡ ರೊಕ್ಕ ಕಟ್ಟಿ ಆಸ್ತಿ ವಾಪಸ್ ತಗೊಂಡ, ಅಷ್ಟ ಅಲ್ಲ, 1552ರಾಗ ಅದೇ ವಿಲ್ಟ್‌ಶೈರಿನ ಶೆರಿಫ್ (ರಾಜನ ಪರವಾಗಿ ಜಿಲ್ಲಾ ನೋಡ್ಕೊಳ್ಳೋ ಅಧಿಕಾರಿ) ಬ್ಯಾರೆ ಆದ! ಮರುವರ್ಷ ಸತ್ತ ಅನ್ನೂದು ಬ್ಯಾರೆ ಮಾತು. ಇಂಥಾವ್ರು ಎಲ್ಲಾ ಕಡೆ ಒಂದ ಥರ ಇರ್ತಾರ ನೋಡ್ರಿ.

ಕುಡ್ಲ_ಬಾಲೆ:
@ಧಾರವಾಡ_ಫೇಡೆ ಶೆರಿಫ್ ಅಂದ ಕೂಡ್ಲೆ ನೆನಪಾಯ್ತು, ಏಲಾ ಕೂಡ ವಿಲ್ಟ್‌ಶೈರಿನ ಶೆರಿಫ್ ಆಗಿದ್ದಳು, ಅದೂ 13ನೇ ಶತಮಾನದಲ್ಲಿ, ಹೆಂಗಸು! ನಮ್ಮ ಕಡೆ ಕಾನ್ವೆಂಟ್ ಸಿಸ್ಟರ್ಸ್ ಹತ್ರ ಕಲ್ತವಳು ನಾನು, ಹೊರಗಿನವರಿಗೆ ಅವರು ಬರೀ ಪ್ರಾರ್ಥನೆ ಮಾಡ್ಕೊಂಡು ಕೂತಿರ್ತಾರೆ ಅಂತ ಕಾಣ್ತದೆ, ಆದ್ರೆ ಒಂದು ಮಠ ನಡೆಸೋದು ಅಂದ್ರೆ ಜಮೀನು, ಗೇಣಿ, ಆಳುಕಾಳು, ಕೋರ್ಟು ಎಲ್ಲ ಉಂಟು. ಮುಚ್ಚಿದಾಗ ಕೊನೇ ಅಬ್ಬೆಸ್‌ಗೆ ವರ್ಷಕ್ಕೆ 40 ಪೌಂಡ್ ಪಿಂಚಣಿ ಕೊಟ್ಟು ಕಳಿಸಿದ್ದು ಅಂತ ಓದಿದ್ದೇನೆ. ಮನೆ ಕೊಂಡವನ ಹೆಸರು ಎಲ್ಲರಿಗೂ ಗೊತ್ತು, ಮನೆ ಬಿಟ್ಟು ಹೋದ ಆ ಹೆಂಗಸರು ಎಲ್ಲಿ ಹೋದ್ರು ಅಂತ ಯಾರೂ ಕೇಳೋದಿಲ್ಲ.

ಏಲಾಳ ಸಮಾಧಿ ಕಲ್ಲು ಈಗ ಕ್ಲಾಯ್ಸ್ಟರಲ್ಲಿ ಉಂಟಲ್ಲ, ನೋಡಿದ್ರಾ?

ಸ್ವಿಂಡನ್_ಸುಬ್ಬಿ:
@ಕುಡ್ಲ_ಬಾಲೆ ಹ್ಞೂಂ ಇದೆ. ಅವಳ ಕಲ್ಲಿನ ಪಕ್ಕದಲ್ಲೇ ಮಕ್ಕಳು ಮಂತ್ರದಂಡ ಹಿಡ್ಕೊಂಡು ಸೆಲ್ಫಿ ತಗೋತಿದ್ರು, ನನ್ ಮಗಳೂ ಸೇರಿ. ಅಂದಹಾಗೆ ಚಳಿ ಕಾಯಿಸೋ ಕೋಣೆಯಲ್ಲಿ ಒಂದು ದೊಡ್ಡ ಹಂಡೆ ಇದೆ, ನಮ್ಮಮ್ಮ ಅದನ್ನ ನೋಡಿ ನಿಂತಲ್ಲೇ ನಿಂತ್ರು. ಮೂರು ಕಾಲಿಂದು, ಬಾಯಿ ತುಂಬ ಅಗಲ ಅನ್ನಿ. ಮೆಕ್‌ಲೆನ್ ಅನ್ನೋ ಊರಲ್ಲಿ (ಈಗಿನ ಬೆಲ್ಜಿಯಂ) ಗಂಟೆ ಎರಕ ಹೊಯ್ಯೋ ವಾಖೆವೆನ್ಸ್ ಮನೆತನದೋರು 1500ರಲ್ಲಿ ಮಾಡಿದ್ದಂತೆ. ಅಮ್ಮ "ನಮ್ಮ ಬಚ್ಚಲುಮನೆ ಹಂಡೆಗಿಂತ ದೊಡ್ಡದು, ತಳಕ್ಕೆ ಮಣ್ಣು ಬಳ್ದಿಲ್ಲ ಅದಕ್ಕೇ ಹಿಂಗೆ ಕರಿ ಹಿಡ್ದಿದೆ" ಅಂತ ಆ ವಾಲಂಟಿಯರ್ ಅಜ್ಜಿಗೆ ಕನ್ನಡದಲ್ಲೇ ಹೇಳಿದ್ರು, ಅವರು ಇಂಗ್ಲಿಷಲ್ಲಿ ಏನೋ ಅಂದ್ರು, ಇಬ್ರೂ ಐದು ನಿಮಿಷ ಮಾತಾಡಿದ್ರು. ಏನು ಮಾತಾಡಿದ್ರೋ ನಂಗೆ ಗೊತ್ತಿಲ್ಲ.

ಟೀಕಾಕಾರ:
ಕ್ಷಮಿಸಿ, ಕೇಳ್ದೇ ಇರೋಕೆ ಆಗ್ತಿಲ್ಲ. ನಮ್ಮ ಊರೂರಲ್ಲಿ ವಾಡೆ, ಗುತ್ತಿನ ಮನೆ, ತೊಟ್ಟಿಮನೆ ಬಿದ್ದು ಹೋಗ್ತಿದೆ, ಹಂಪಿಯಲ್ಲಿ ಕಲ್ಲಿಗೊಂದು ಕತೆ ಇದೆ, ಅದು ಬಿಟ್ಟು ಯಾವುದೋ ಇಂಗ್ಲೆಂಡಿನ ಜಮೀನ್ದಾರನ ಮನೆ ಬಗ್ಗೆ ಕನ್ನಡದಲ್ಲಿ ಇಷ್ಟುದ್ದ ಬರೆಯೋ ಅಗತ್ಯ ಏನಿದೆ? ನಮಗೂ ಅದಕ್ಕೂ ಏನು ಸಂಬಂಧ?

ನೆಗೆಟಿವ್_ನಾಣಿ:
@ಟೀಕಾಕಾರ ಸರ್, ಸಂಬಂಧ ಇದೆ, ಅದೂ ಹಂಪಿಗೇ ಇದೆ. ಸ್ವಲ್ಪ ತಾಳ್ಮೆ ಬೇಕು, ಮನೆಯಿಂದಲೇ ಶುರು ಮಾಡ್ತೀನಿ.

ಹೆನ್ರಿ ಫಾಕ್ಸ್ ಟ್ಯಾಲ್ಬಟ್ ಹುಟ್ಟಿದ್ದು 1800ರಲ್ಲಿ, ಕೂಸಿಗೆ ಆರು ತಿಂಗಳು ತುಂಬೋ ಮುಂಚೆ ಅಪ್ಪ ತೀರ್ಕೊಂಡ, ಬಿಟ್ಟು ಹೋಗಿದ್ದು ಸಾಲ. ಮನೆ ಬಾಡಿಗೆಗೆ ಕೊಟ್ಟಿದ್ರು. ಸ್ವಂತ ಮನೆಯಲ್ಲಿ ಬಂದು ನೆಲೆಸಿದ್ದು ಇಪ್ಪತ್ತೇಳನೇ ವಯಸ್ಸಲ್ಲಿ, 1827ರಲ್ಲಿ. ಬಂದವನೇ ಮಾಡಿದ ಕೆಲಸ ಏನು ಗೊತ್ತಾ? ನಿಮ್ಮ ಅಪ್ಪ ಕೊಡೆಯಿಂದ ತಟ್ಟಿದ್ರಲ್ಲ ಸುಬ್ಬಿ ಅಕ್ಕ, ಆ ಹಳೇ ಚರ್ಚ್ ಗೋಡೆಗೆ ಮೂರು ಮುಂಚಾಚಿದ ಕಿಟಕಿ ಕೂರ್ಸಿದ್ದು, ಮಧ್ಯದ್ದು ಚಿಕ್ಕದು. ಆಗ ಇಂಗ್ಲೆಂಡಲ್ಲಿ ಕಿಟಕಿಗೂ ಟ್ಯಾಕ್ಸ್ ಇತ್ತು, 1851ರ ತನಕ ಇತ್ತು, ಜನ ಇರೋ ಕಿಟಕಿ ಇಟ್ಟಿಗೆ ಹಾಕಿ ಮುಚ್ಚುತ್ತಿದ್ರು, ಇವನು ಹೊಸದು ತೆಗೀತಿದ್ದ.

1833ರಲ್ಲಿ ಹೆಂಡತಿ ಜೊತೆ ಇಟಲಿಯ ಕೊಮೊ ಸರೋವರದ ಹತ್ರ ಚಿತ್ರ ಬಿಡ್ಸೋಕೆ ಕೂತ, ಗಾಜಿನ ಉಪಕರಣ ಇಟ್ಕೊಂಡ್ರೂ ಕೈ ಬರ್ಲಿಲ್ಲ. ಬೆಳಕೇ ಕಾಗದದ ಮೇಲೆ ಅಚ್ಚಾಗೋ ಥರ ಮಾಡ್ಬಾರ್ದಾ ಅನ್ನೋ ಹುಳ ಅಲ್ಲಿ ಹೊಕ್ಕಿದ್ದು. ಊರಿಗೆ ಬಂದು ಕಾಗದಾನ ಉಪ್ಪು ನೀರಲ್ಲಿ ಅದ್ದಿ ಒಣಗ್ಸಿ ಮೇಲೆ ಸಿಲ್ವರ್ ನೈಟ್ರೇಟ್ ಬಳೀತಿದ್ದ, ಅದು ಬಿಸಿಲಿಗೆ ಕಪ್ಪಾಗತ್ತೆ. ಮತ್ತೆ ಗಟ್ಟಿ ಉಪ್ಪು ನೀರಲ್ಲಿ ತೊಳೆದ್ರೆ ಕಪ್ಪಾಗೋದು ಹೆಚ್ಚುಕಮ್ಮಿ ನಿಲ್ಲತ್ತೆ. ನಾನೇ ಮನೇಲಿ ಮಾಡಿ ನೋಡಿದೀನಿ, ಬೆರಳೆಲ್ಲ ಒಂದು ವಾರ ಕಪ್ಪು, ಆಫೀಸಲ್ಲಿ ಗೋರಂಟಿ ಹಾಕ್ಕೊಂಡ್ಯಾ ಅಂತ ಕೇಳಿದ್ರು. ಅವನ ಕ್ಯಾಮೆರಾ ಅಂದ್ರೆ ಪುಟಾಣಿ ಮರದ ಡಬ್ಬಿಗಳು, ಮನೆ ಸುತ್ತ ಅಲ್ಲಲ್ಲಿ ಇಟ್ಟು ಕಾಯ್ತಿದ್ದ. ಹೆಂಡತಿ ಕಾನ್‌ಸ್ಟನ್ಸ್ ಅವಕ್ಕೆ ಇಲಿಬೋನು ಅಂತ ಹೆಸರಿಟ್ಟಿದ್ಲು.

1835ರ ಆಗಸ್ಟಲ್ಲಿ ಅಂಥ ಒಂದು ಇಲಿಬೋನಲ್ಲಿ ಆ ಚಿಕ್ಕ ಕಿಟಕಿನೇ ಸಿಕ್ಕಿಬಿತ್ತು. ಅಂಚೆಚೀಟಿ ಅಷ್ಟೇ ಸೈಜು. ಇವತ್ತು ಉಳಿದಿರೋ ಕ್ಯಾಮೆರಾ ನೆಗೆಟಿವ್‌ಗಳಲ್ಲಿ (ಬೆಳಕು ಕಪ್ಪಾಗಿ, ನೆರಳು ಬೆಳ್ಳಗೆ ಬರೋ ಚಿತ್ರ) ಅದೇ ಎಲ್ಲಕ್ಕಿಂತ ಹಳೇದು, ಬ್ರಾಡ್‌ಫರ್ಡ್ ಮ್ಯೂಸಿಯಂನಲ್ಲಿದೆ. ಅದರ ಪಕ್ಕದಲ್ಲಿ ಅವನೇ ಬರೆದಿಟ್ಟಿದಾನೆ: ಮೊದ್ಲು ಮಾಡಿದಾಗ ಭೂತಗನ್ನಡಿ ಹಿಡಿದ್ರೆ ಸುಮಾರು 200 ಗಾಜಿನ ಚೌಕ ಎಣಿಸ್ಬಹುದಿತ್ತು ಅಂತ. 1839ರಲ್ಲಿ ಪ್ಯಾರಿಸ್‌ನಿಂದ ಡಾಗೇರ್ ಅನ್ನೋನೂ ಬೆಳಕಲ್ಲಿ ಚಿತ್ರ ಹಿಡಿದ ಸುದ್ದಿ ಬಂದಾಗ ಇವನಿಗೆ ಎದೆ ಧಸಕ್ ಅಂದಿರ್ಬೇಕು, ಗಡಿಬಿಡೀಲಿ ತನ್ನದೂ ಲಂಡನ್ನಲ್ಲಿ ತೋರ್ಸಿದ. ಆ ವರ್ಷದ ಬರಹದಲ್ಲಿ, ತನ್ನ ಚಿತ್ರ ತಾನೇ ಬರ್ಕೊಂಡ ಮೊದಲನೇ ಕಟ್ಟಡ ನಮ್ಮ ಮನೆನೇ ಇರ್ಬೇಕು ಅಂತ ಹೇಳ್ಕೊಂಡಿದಾನೆ.

ಡಾಗೇರ್‌ದು ಬೆಳ್ಳಿ ತಗಡು, ಒಂದಕ್ಕೆ ಒಂದೇ ಪ್ರತಿ. ಟ್ಯಾಲ್ಬಟ್‌ದು ಕಾಗದ, ಒಂದು ನೆಗೆಟಿವ್ ಇದ್ರೆ ಎಷ್ಟು ಪ್ರತಿ ಬೇಕಾದ್ರೂ. 1841ರಲ್ಲಿ ಕ್ಯಾಲೊಟೈಪ್ ಅಂತ ಪೇಟೆಂಟ್ ಮಾಡಿಸ್ದ. ಆಮೇಲೆ ಫ್ರಾನ್ಸಲ್ಲಿ ಆ ಕಾಗದಕ್ಕೆ ಮೇಣ ಹಚ್ಚೋ ಪದ್ಧತಿ ಬಂತು, ಮೇಣದ ಕಾಗದ ಮುಂಚೇನೇ ತಯಾರ್ ಮಾಡಿ ಇಟ್ಕೋಬಹುದು, ನಮ್ಮ ಬಿಸಿಲಿಗೆ ಹೇಳಿ ಮಾಡ್ಸಿದ್ದು. 1854ರ ಡಿಸೆಂಬರಲ್ಲಿ ಲಿನೀಯಸ್ ಟ್ರೈಪ್ ಅನ್ನೋ ಕಂಪನಿ ಸೈನ್ಯದ ಆಫೀಸರ್ ಇಂಥ ಕಾಗದ ಹೊತ್ಕೊಂಡು ಹಳೇಬೀಡು ಬೇಲೂರಿಗೆ ಬಂದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿ ಪೂರ್ತಿ ಸುತ್ತಿ ಕಾಗದದ ನೆಗೆಟಿವ್‌ನಲ್ಲೇ ತೆಗೆದ. ಲೇಕಾಕ್ ಕಿಟಕಿ ಸಿಕ್ಕಿಬಿದ್ದು ಇಪ್ಪತ್ತೊಂದು ವರ್ಷಕ್ಕೆ ಸರ್.

ಹೊಸಪೇಟೆ_ಹುಡುಗ:
ಗ್ರೀನ್‌ಲಾ ಫೋಟೋ ಅಂದ್ರೆ ನಮ್ಮೂರ ಹುಡುಗ್ರಿಗೆ ಜೀವ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಫೋಟೋ ನೋಡಿ, ರಥದ ಮೇಲೆ ಇಟ್ಟಿಗೆ ಗಾರೆ ಶಿಖರ ಇದೆ! ಈಗ ಇಲ್ಲ. ಆಮೇಲೆ ತೆಗೆದುಹಾಕಿದ್ರು. 50 ರೂಪಾಯಿ ನೋಟಲ್ಲಿ ಇರೋದು ಶಿಖರ ಇಲ್ಲದ ಬೋಳು ರಥ. ಊರಿಗೆ ಬಂದ ಟೂರಿಸ್ಟ್‌ಗೆ ನಾನು ಮೊಬೈಲಲ್ಲಿ ಆ ಹಳೇ ಫೋಟೋ ತೋರ್ಸಿದ್ರೆ ಎಡಿಟ್ ಮಾಡಿದೀಯಾ ಅಂತಾರೆ. ಎಂಬತ್ತರ ದಶಕದಿಂದ ಜಾನ್ ಗಾಲಿಂಗ್ಸ್ ಅನ್ನೋ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಇಲ್ಲಿ ಕೆಲಸ ಮಾಡ್ತಾ ಗ್ರೀನ್‌ಲಾ ನಿಂತ ಜಾಗದಲ್ಲೇ ನಿಂತು ಮತ್ತೆ ತೆಗೆದಿದಾನೆ, ಎರಡೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಹೊಟ್ಟೆ ಉರಿಯತ್ತೆ.

ಟೀಕಾಕಾರ:
ಸರಿ, ರಥದ ವಿಷಯ ಗೊತ್ತಿರ್ಲಿಲ್ಲ. ಸಂಬಂಧ ಒಪ್ಕೊಂಡೆ. ಆದ್ರೆ ಪ್ರಶ್ನೆ ಇನ್ನೂ ಇದೆ. ಹಂಪಿ ರಥದ ಮೇಲಿನ ಶಿಖರ ತೆಗೆದ್ರೆ ನಾವು ಹೊಟ್ಟೆ ಉರ್ಕೊಳ್ತೀವಿ, ಅಲ್ಲಿ ಇಡೀ ಚರ್ಚು ಕೆಡವಿದವನನ್ನ ಬುದ್ಧಿವಂತ ಅಂತೀವಿ. ಇದ್ಯಾವ ನ್ಯಾಯ?

ಸ್ವಿಂಡನ್_ಸುಬ್ಬಿ:
@ಟೀಕಾಕಾರ ಸರ್ ಇದೇ ಮಾತು ನಾನು ಕಾರಲ್ಲಿ ಅಪ್ಪಂಗೆ ಹೇಳಿದ್ದು! ನಿಮ್ಮ ಕಮೆಂಟ್ ಓದಿ ಹೇಳ್ದೆ, ಅಪ್ಪ "ಅವರಿಗೆ ಹೇಳು, ಬಳಸೋನು ಕೆಡವೋದು ಬೇರೆ, ನೋಡೋನು ಕೆಡವೋದು ಬೇರೆ" ಅಂದು ಟೀವಿ ಹಾಕ್ಕೊಂಡ್ರು.

ಗಾರೆಕೆಲಸ:
ತಂದೆಯವರಿಗೆ ನನ್ನ ನಮಸ್ಕಾರ ಹೇಳಿ ಮೇಡಂ. ನ್ಯಾಯದ ಮಾತು ಬಿಡಿ, ನ್ಯಾಯ ಅಂತೂ ಅಲ್ಲ. ನಾನು ಹೇಳಿದ್ದು ಹೇಗೆ ಉಳೀತು ಅಂತ ಅಷ್ಟೇ, ಒಳ್ಳೇದಾಯ್ತು ಅಂತಲ್ಲ.

ಬಳಸೋನು ಸುಮ್ನೆ ಇರೋನಲ್ಲ, ಅದೂ ನಿಜ. ಶಾರಿಂಗ್‌ಟನ್ ಮೂಲೆಯಲ್ಲಿ ಎಂಟು ಮೂಲೆ ಗೋಪುರ ಎಬ್ಬಿಸ್ದ. ಅದ್ರ ಮಧ್ಯದ ಅಂತಸ್ತು ಕಾಗದಪತ್ರ, ಬೆಲೆಬಾಳೋ ಸಾಮಾನು ಇಡೋ ಭದ್ರ ಕೋಣೆ, ಒಳಗೆ ಒಂದು ಕಲ್ಲಿನ ಮೇಜು, ಅದನ್ನ ಹೊತ್ತಿರೋದು ಮೇಕೆ ಕಾಲಿನ ಗಿಡ್ಡ ಗಿಡ್ಡ ಸಾಟರ್‌ಗಳು (ಗ್ರೀಕ್ ಪುರಾಣದ ಕಾಡುಜೀವಿಗಳು), ತಲೆ ಮೇಲೆ ಹಣ್ಣಿನ ಬುಟ್ಟಿ ಇಟ್ಕೊಂಡು ಕುಕ್ಕರಗಾಲಲ್ಲಿ ಕೂತಿದಾವೆ. ಅವತ್ತಿನ ಇಂಗ್ಲೆಂಡಿಗೆ ಅದು ಇಟಲಿಯಿಂದ ಬಂದ ಹೊಸ ಫ್ಯಾಷನ್. ಜೊತೆಗೆ ಅಲ್ಲಲ್ಲಿ ಚೇಳು ಕೆತ್ತಿಸಿದಾನೆ, ಅದು ಅವನ ಮನೆತನದ ಲಾಂಛನ. ಲೆಕ್ಕ ತಿದ್ದಿದವನಿಗೆ ಚೇಳು ಲಾಂಛನ, ಧಾರವಾಡದವರು ಖುಷಿ ಪಡ್ಬಹುದು. ಹಿಂದುಗಡೆ ಕುದುರೆ ಲಾಯದ ಅಂಗಳ, ಅಲ್ಲೇ ಬಿಯರ್ ಕಾಯಿಸೋ ಮನೆ. ಅದು ನೋಡದೆ ಬರ್ಬೇಡಿ, ಕುದಿಸೋ ಕೊಪ್ಪರಿಗೆ, ಆರಿಸೋಕೆ ಸೀಸದ ತಗಡು ಹೊದಿಸಿದ ತೊಟ್ಟಿ, ಹುಳಿ ಬರ್ಸೋ ಪಾತ್ರೆ, ಎಲ್ಲ ಇದ್ದ ಜಾಗದಲ್ಲೇ ಇದೆ. ನೀರು ಸಿಕ್ಕ ಸಿಕ್ಕ ಕಡೆಯದು ಕುಡಿಯೋ ಹಾಗಿರ್ಲಿಲ್ಲ ಆಗ, ಮನೆಮಂದಿಯೆಲ್ಲ ತಿಳಿ ಬಿಯರ್ ಕುಡೀತಿದ್ರು.

ಅದಾದ ಇನ್ನೂರು ವರ್ಷಕ್ಕೆ ಜಾನ್ ಐವರಿ ಟ್ಯಾಲ್ಬಟ್ ಅನ್ನೋನು ಸ್ಯಾಂಡರ್ಸನ್ ಮಿಲ್ಲರ್ ಕೈಲಿ 1753ರಿಂದ 55ರ ತನಕ ಗ್ರೇಟ್ ಹಾಲ್ ಕಟ್ಟಿಸ್ದ. ಇದು ಮಜಾ ನೋಡಿ. ಅಸಲಿ ಗಾಥಿಕ್ (ಚೂಪು ಕಮಾನಿನ ಹಳೇ ಚರ್ಚ್ ಶೈಲಿ) ಕ್ಲಾಯ್ಸ್ಟರ್ ಕಾಲ್ಕೆಳಗೇ ಇದೆ, ಮೇಲೆ ನಕಲಿ ಗಾಥಿಕ್ ಹಾಲು! ಚಾವಣಿ ತುಂಬ ಗೆಳೆಯರ ಮನೆತನದ ಲಾಂಛನ, ಗೋಡೆಯ ಗೂಡುಗಳಲ್ಲಿ ಸೆಡರ್‌ಬಾಖ್ ಅನ್ನೋ ಶಿಲ್ಪಿ ಮಾಡಿದ ಸುಟ್ಟ ಮಣ್ಣಿನ ಗೊಂಬೆಗಳು. ನಮ್ಮ ಮೇಷ್ಟ್ರು ಇದನ್ನ ತೋರ್ಸಿ ನಗ್ತಿದ್ರು. ನಂಗೆ ಮೊದ್ಲು ಸಲ ನಗು ಬಂತು, ನಾಲ್ಕನೇ ಸಲ ಬರ್ಲಿಲ್ಲ. ಹಳೇದು ಚೆಂದ ಅನ್ನೋ ಆಸೆ ಆ ಮನೆಯಲ್ಲಿ ಹುಟ್ಟಿದ್ದೇ ಆ ನಕಲಿ ಹಾಲಿಂದ ಅನ್ಸತ್ತೆ. ಅದಕ್ಕೂ ಮುಂಚೆ ಹಳೇದು ಬರೀ ಗಟ್ಟಿ ಅಂತ ಉಳಿದಿತ್ತು.

ಕುಡ್ಲ_ಬಾಲೆ:
ಆ ಮಣ್ಣಿನ ಗೊಂಬೆಗಳಲ್ಲಿ ಒಂದು ಆಡು ಉಂಟು, ಅದರ ಮೂಗಿನ ಮೇಲೆ ಸಕ್ಕರೆ ತುಂಡು! ಯಾವುದೋ ಕಾಲದಲ್ಲಿ ಒಬ್ಬ ಸ್ಟೂಡೆಂಟ್ ತಮಾಷೆಗೆ ಇಟ್ಟದ್ದಂತೆ, ಮನೆಯವರು ತೆಗೀಲಿಲ್ಲ, ಈಗಲೂ ಇಡ್ತಾರೆ. ನನಗೆ ಇಡೀ ಮನೆಯಲ್ಲಿ ಅದೇ ಇಷ್ಟ ಆದದ್ದು, ಬೈಬೇಡಿ.

ಧಾರವಾಡ_ಫೇಡೆ:
ಬೈಯೂದು ಯಾಕ್ರಿ ಅಕ್ಕಾರ, ಛಲೋ ಹೇಳಿದ್ರಿ. ಮನಿ ಅಂದ್ರ ಅಷ್ಟ. ಇನ್ನೊಂದು ಕತಿ ಐತಿ ಕೇಳ್ರಿ, ಜಾನ್ ಆಬ್ರಿ ಅನ್ನಾಂವ 17ನೇ ಶತಮಾನದಾಗ ಬರದಿಟ್ಟಾನ, ಖರೇ ಸುಳ್ಳೋ ಅವನಿಗೇ ಗೊತ್ತು. ಶಾರಿಂಗ್‌ಟನ್ನನ ತಮ್ಮನ ಮಗಳು ಆಲಿವ್, ಜಾನ್ ಟ್ಯಾಲ್ಬಟ್ ಅನ್ನೋ ಹುಡುಗನ್ನ ಮೆಚ್ಚಿದ್ಲು, ಅಪ್ಪ ಒಲ್ಲೆ ಅಂದ. ಒಂದ ರಾತ್ರಿ ಮ್ಯಾಲ ಕೈಪಿಡಿ ಗ್ವಾಡಿ ಮ್ಯಾಲ ನಿಂತು ಕೆಳಗ ನಿಂತಾಂವನ ಜೋಡಿ ಮಾತಾಡಿಕೋತ ಜಿಗದs ಬಿಟ್ಲು. ಲಂಗದಾಗ ಗಾಳಿ ತುಂಬಿ ಒಂದೀಟು ಹಗುರ ಬಂದ್ಲು, ಆದ್ರೂ ಹಿಡಿಯಾಕ ಹೋದ ಹುಡುಗ ನೆಲಕ್ಕ ಬಿದ್ದು ಸತ್ತಂಗ ಆದ. ಆಮ್ಯಾಲ ಉಸರಾಡಿದ. ಇಷ್ಟು ಜಿಗದ್ಯಲ್ಲ, ಮದಿವಿ ಮಾಡ್ಕೊ ಹೋಗು ಅಂದನಂತ ಅಪ್ಪ. ಹಿಂಗ ಮನಿ ಟ್ಯಾಲ್ಬಟ್ ಮಂದಿ ಕೈಗೆ ಬಂತು. ಕಳ್ಳ ಕೊಂಡ, ಮಗಳು ಜಿಗದ್ಲು, ಮನಿ ಉಳೀತು 😂 ಮದಿವಿ ಆಗಿದ್ದು ಮನಿ ಟ್ಯಾಲ್ಬಟ್ಟರಿಗೆ ಹೋಗಿದ್ದು ಖರೇ.

ಬಾತ್_ಬಸ್ಸು:
ನಾನು ಬಾತ್‌ನಲ್ಲಿ ಇರೋದು, ಬೇಸಿಗೆಗೆ ಒಂದು ಸಲ ಆದ್ರೂ ಲೇಕಾಕ್‌ಗೆ ಹೋಗ್ತೀವಿ. ನನ್ನದು ಸ್ವಲ್ಪ ಬೇರೆ ರಾಗ. ನೀವೆಲ್ಲ ಬಳಕೆ ಬಳಕೆ ಅಂತೀರಾ, ಸರಿ, ಈಗ ಆ ಮನೆಯ ಬಳಕೆ ಏನು? ಟಿಕೆಟ್, ಹಗ್ಗ ಕಟ್ಟಿದ ದಾರಿ, ಕುರ್ಚಿ ಮೇಲೆ ಯಾರೂ ಕೂರ್ಬಾರ್ದು ಅಂತ ಮುಳ್ಳುಗಾಯಿ ಇಟ್ಟಿರ್ತಾರೆ. ಅಡುಗೆಮನೆಯಲ್ಲಿ ಬೇಯೋ ವಾಸನೆ ಇಲ್ಲ, ಬಿಯರ್ ಮನೆಯಲ್ಲಿ ಬಿಯರ್ ಇಲ್ಲ. ಕ್ಲಾಯ್ಸ್ಟರಲ್ಲಿ ಪ್ರಾರ್ಥನೆ ನಿಂತು ಐನೂರು ವರ್ಷ ಹತ್ರ ಬಂತು, ಈಗ ಅದು ಹ್ಯಾರಿ ಪಾಟರ್ ಓದಿದ ಹಾಗ್ವರ್ಟ್ಸ್ ಶಾಲೆ ಕಾರಿಡಾರ್. ನನ್ ಪ್ರಕಾರ ಮನೆ 1944ರಲ್ಲೇ ತೀರ್ಕೊಂತು, ಆಮೇಲೆ ಇರೋದು ಅಚ್ಚುಕಟ್ಟಾಗಿ ಇಟ್ಟಿರೋ ದೇಹ.

ಊರಿನ ಕತೆನೂ ಅದೇ. ಮನೆ ಜೊತೆ ಊರಿನ ಬಹುಪಾಲು ಟ್ರಸ್ಟ್‌ಗೆ ಹೋಯ್ತಲ್ಲ, ಬೀದೀಲಿ ಕರೆಂಟ್ ವೈರ್ ಕಾಣಲ್ಲ, ಆಂಟೆನಾ ಕಾಣಲ್ಲ, ಸಿನಿಮಾದೋರಿಗೆ ಸ್ವರ್ಗ. ಒಂದ್ಸಲ ಹೋದಾಗ ಬೀದಿಗೆ ಮಣ್ಣು ಸುರಿದು ಶೂಟಿಂಗ್ ನಡೀತಿತ್ತು, ನಮ್ಮನ್ನ ಬೇಕರಿಗೂ ಬಿಡ್ಲಿಲ್ಲ.

ನೆಗೆಟಿವ್_ನಾಣಿ:
@ಬಾತ್_ಬಸ್ಸು ದೇಹ ಅನ್ನೋದು ಜಾಸ್ತಿ ಆಯ್ತು ಗುರು. ಬಾಗಿಲಲ್ಲೇ ಇರೋ 16ನೇ ಶತಮಾನದ ಕಣಜದ ಕಟ್ಟಡದಲ್ಲಿ 1975ರಿಂದ ಫೋಟೋಗ್ರಫಿ ಮ್ಯೂಸಿಯಂ ನಡೀತಿದೆ. ಧಾನ್ಯ ಇಡ್ತಿದ್ದ ಜಾಗದಲ್ಲಿ ಫೋಟೋ ಇಟ್ಟಿದಾರೆ, ಅದೂ ಬಳಕೆನೇ ಅಲ್ವಾ? ಅಲ್ಲಿ ನೋಡಿದ್ಮೇಲೇ ನಾನು ಸಿಲ್ವರ್ ನೈಟ್ರೇಟ್ ಹುಡುಕ್ಕೊಂಡು ಹೋಗಿದ್ದು. ಮತ್ತೆ ಮನೆ ದಾನ ಕೊಟ್ಟ ಮಟಿಲ್ಡಾ ಟ್ಯಾಲ್ಬಟ್‌ಗೆ ಬೇರೆ ದಾರಿ ಏನಿತ್ತು? ಫಾಕ್ಸ್ ಟ್ಯಾಲ್ಬಟ್‌ನ ಮಗ ಚಾರ್ಲ್ಸ್ ಮದ್ವೆ ಆಗ್ಲಿಲ್ಲ, ಅವನಿಗೆ ಈ ಮನೆಯ ಹಳೇ ಕಲ್ಲುಗಳ ಹುಚ್ಚು, ಯಾವ ಗೋಡೆ ಯಾರ ಕಾಲದ್ದು ಅಂತ ಹುಡುಕೋದ್ರಲ್ಲೇ ಜೀವನ ಸವೆಸ್ದ. ಅಕ್ಕನ ಮಗಳು ಮಟಿಲ್ಡಾಗೆ 1916ರಲ್ಲಿ ಬಂತು. ಒಂಟಿ ಹೆಂಗಸು, ಅಷ್ಟು ದೊಡ್ಡ ಛಾವಣಿ. ಆ ಕಾಲದಲ್ಲಿ ತೆರಿಗೆ ಕಟ್ಟೋಕಾಗ್ದೆ ಎಷ್ಟೋ ದೊಡ್ಡ ಮನೆಗಳನ್ನ ಕೆಡವೇ ಹಾಕ್ತಿದ್ರು.

ಕುಡ್ಲ_ಬಾಲೆ:
ಮತ್ತೆ ಅವಳು ಮನೆ ಮಾತ್ರ ಅಲ್ಲ ಕೊಟ್ಟದ್ದು. 1225ರ ಮ್ಯಾಗ್ನಾ ಕಾರ್ಟಾ (ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಸನ್ನದು) ಪ್ರತಿ ಒಂದು ಶತಮಾನಗಟ್ಟಲೆ ಈ ಮನೆಯಲ್ಲೇ ಇತ್ತು, ಯುದ್ಧ ಮುಗಿದ ಮೇಲೆ ಅದನ್ನು ಬ್ರಿಟಿಷ್ ಮ್ಯೂಸಿಯಂಗೆ ದಾನ ಮಾಡಿದಳು, ಈಗ ಬ್ರಿಟಿಷ್ ಲೈಬ್ರರಿಯಲ್ಲಿ ಉಂಟು. ಕಟ್ಟಿಸಿದವಳು ಒಬ್ಬ ಹೆಂಗಸು, ಕೊಟ್ಟವಳು ಒಬ್ಬ ಹೆಂಗಸು, ನಡುವೆ ಗಂಡಸರು ಕಿಟಕಿ ಕೊರೆದದ್ದು.

ಟೀಕಾಕಾರ:
@ಕುಡ್ಲ_ಬಾಲೆ ಈ ಕಮೆಂಟಿಗೆ ಲೈಕ್ ಮಾಡಿದೀನಿ, ನಾನು ಲೈಕ್ ಮಾಡೋದು ಅಪರೂಪ.

@ಬಾತ್_ಬಸ್ಸು ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ. ನಮ್ಮಜ್ಜನ ಮನೆ ತೊಟ್ಟಿಮನೆ, ಆರು ಜನ ಪಾಲುದಾರರು, ಯಾರೂ ಇರಲ್ಲ, ಯಾರೂ ಮಾರಕ್ಕೂ ಬಿಡಲ್ಲ. ಹೋದ ಮಳೆಗಾಲದಲ್ಲಿ ತೊಟ್ಟಿ ಪಕ್ಕದ ಜಂತಿ ಮುರೀತು. ಹಗ್ಗ ಕಟ್ಟಿ ಟಿಕೆಟ್ ಇಟ್ಟು ಕುರ್ಚಿ ಮೇಲೆ ಮುಳ್ಳುಗಾಯಿ ಇಟ್ರೂ ಪರ್ವಾಗಿಲ್ಲ ಅನ್ಸತ್ತೆ ನಂಗೆ. ಸೋರದಿದ್ರೆ ಸಾಕು.

ಗಾರೆಕೆಲಸ:
@ಟೀಕಾಕಾರ ಸರ್ ಜಂತಿ ಮುರಿದ ಕಡೆ ಮೊದ್ಲು ಹೆಂಚು ಇಳ್ಸಿ ಟಾರ್ಪಾಲ್ ಹಾಕ್ಸಿ, ಈ ಮಳೆಗಾಲಕ್ಕೆ ಮುಂಚೆನೇ. ಗೋಡೆ ತಲೆಗೆ ನೀರು ಇಳಿದ್ರೆ ಮಣ್ಣಿನ ಗೋಡೆ ಎರಡು ವರ್ಷ ತಡೆಯಲ್ಲ. ಸಿಮೆಂಟ್ ಮಾತ್ರ ಮುಟ್ಟಿಸ್ಬೇಡಿ, ಸುಣ್ಣದ ಗಾರೆನೇ. ಊರು ಯಾವ್ದು? ಇನ್‌ಬಾಕ್ಸ್ ಮಾಡಿ, ಹತ್ರ ಇದ್ರೆ ಬಂದು ನೋಡ್ತೀನಿ, ಫೀಸ್ ಬೇಡ, ಊಟ ಹಾಕ್ಸಿ.

ಟೀಕಾಕಾರ:
ಮಾಡ್ದೆ.

ಹೊಸಪೇಟೆ_ಹುಡುಗ:
ಸುಬ್ಬಿ ಅಕ್ಕ ಒಂದು ಡೌಟು. ಆ ಕಿಟಕೀಲಿ ಈಗ್ಲೂ 200 ಗಾಜು ಇದ್ಯಾ? ಎಣಿಸಿದ್ರಾ?

ಸ್ವಿಂಡನ್_ಸುಬ್ಬಿ:
ಅಯ್ಯೋ ಇಲ್ಲ ಮಾರಾಯ, ಮಗಳು ಹಸಿವು ಅಂತ ಎಳೀತಿದ್ಲು. ಆದ್ರೆ ನಿಮ್ಮ ಮಾತು ಕೇಳಿದ ಅಪ್ಪ ಆಗ್ಲೇ ಡೈರಿ ತೆಗೆದು ಕೂತಿದಾರೆ, ಅಡ್ಡ ಎಷ್ಟು ಸಾಲು ಉದ್ದ ಎಷ್ಟು ಸಾಲು ಅಂತ ಮೊಬೈಲ್ ಫೋಟೋ ದೊಡ್ಡದು ಮಾಡಿ ಪೆನ್ಸಿಲಲ್ಲಿ ಗೀಟು ಹಾಕ್ತಾ ಇದಾರೆ. ಫೋಟೋದಲ್ಲಿ ಒಂದು ಮೂಲೆಗೆ ಅಮ್ಮನ ತಲೆ ಅಡ್ಡ ಬಂದಿದೆ, ಅಲ್ಲಿಗೆ ಲೆಕ್ಕ ನಿಂತು ಈಗ ಒಳಗೆ ಜಗಳ ನಡೀತಿದೆ. ಭಾನುವಾರ ಮತ್ತೆ ಹೋಗೋಣ ಅಂತಿದಾರೆ ಇಬ್ರೂ, ಅಪ್ಪ ಎಣಿಸೋಕೆ, ಅಮ್ಮ ಆ ಹಂಡೆ ಅಜ್ಜಿನ ನೋಡೋಕೆ. ಈ ಸಲ ಪುಳಿಯೋಗರೆ ಪಾರ್ಕಿಂಗಲ್ಲೇ ಮುಗಿಸ್ಬೇಕಂತೆ.